ಖಿನ್ನತೆ ಸ್ಕ್ಯಾನಿನಲ್ಲಿ ಕಾಣುತ್ತದೆಯೇ? ಕಾಣದಿದ್ದರೆ ಇಷ್ಟೆಲ್ಲ ಮಿದುಳಿನ ಚಿತ್ರಗಳು ಏತಕ್ಕೆ?

ಕುಮಟಾದ ಅಣ್ಣ
ನನ್ನ ತಮ್ಮನಿಗೆ ಖಿನ್ನತೆಯಿದೆ, ಅದರ ಜೊತೆಗೆ ಆತಂಕದ ತೊಂದರೆಯೂ ಸೇರಿಕೊಂಡಿದೆ ಎಂದು ಮನೋವೈದ್ಯರು ಹೇಳಿ ಔಷಧ ಆರಂಭಿಸಿದ್ದಾರೆ. ಥೈರಾಯ್ಡ್, ಬಿ12 ಮತ್ತು ಹಿಮೋಗ್ಲೋಬಿನ್ ಬಿಟ್ಟರೆ ಬೇರೆ ಯಾವ ಪರೀಕ್ಷೆಯನ್ನೂ ಅವರು ಬರೆದುಕೊಡಲಿಲ್ಲ. ಉಳಿದದ್ದೆಲ್ಲ ಅವನೊಡನೆ ಮತ್ತು ನಮ್ಮೊಡನೆ ನಡೆಸಿದ ದೀರ್ಘ ಮಾತುಕತೆ. ಇದು ನಮ್ಮ ಸೋದರಮಾವನಿಗೆ ಒಪ್ಪಿಗೆಯಾಗಿಲ್ಲ. ತಲೆಯ ಕಾಯಿಲೆಗೆ ತಲೆಯ ಫೋಟೋ ತೆಗೆಯದೆ ಮಾತ್ರೆ ಕೊಡುವುದು ಯಾವ ನ್ಯಾಯ, ಹುಬ್ಬಳ್ಳಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸೋಣ ಎಂದು ಅವರು ಪಟ್ಟು ಹಿಡಿದಿದ್ದಾರೆ. ಅದಕ್ಕೆ ಆಧಾರವಾಗಿ ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೊವನ್ನೂ ತೋರಿಸುತ್ತಾರೆ. ಅದರಲ್ಲಿ ಒಂದು ಕಡೆ ಹಳದಿ, ಕೆಂಪು ಬಣ್ಣಗಳಿಂದ ಹೊಳೆಯುವ ‘ಆರೋಗ್ಯವಂತ ಮಿದುಳು’, ಇನ್ನೊಂದು ಕಡೆ ನೀಲಿಗಟ್ಟಿದ ‘ಖಿನ್ನತೆಯ ಮಿದುಳು’.

ನನ್ನ ಪ್ರಶ್ನೆ ಎರಡು. ಅಂಥ ಸ್ಕ್ಯಾನಿನಲ್ಲಿ ನನ್ನ ತಮ್ಮನ ಕಾಯಿಲೆ ಕಾಣುತ್ತದೆಯೇ? ಕಾಣುವುದಿಲ್ಲವಾದರೆ ವಿಜ್ಞಾನಿಗಳು ಆ ಬಣ್ಣದ ಚಿತ್ರಗಳನ್ನು ಇಟ್ಟುಕೊಂಡು ಏನು ಮಾಡುತ್ತಿದ್ದಾರೆ?

ಸ್ಕ್ಯಾನ್ ಕೋಣೆಯವಳು
ನಾನು ಶಿರಸಿಯವಳು, ಹುಬ್ಬಳ್ಳಿಯಲ್ಲಿ ಎಂಆರ್‌ಐ ತಂತ್ರಜ್ಞೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂಬುದೇ. ಅರಬೈಲು ಘಟ್ಟ ಹತ್ತಿ ಇದೇ ಆಸೆಯಿಂದ ಬರುವ ಕುಟುಂಬಗಳನ್ನು ನಾನು ನೋಡುತ್ತಲೇ ಇರುತ್ತೇನೆ. ನಾವು ತೆಗೆಯುವ ಸಾಮಾನ್ಯ ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತದೆ: ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಸೋಂಕಿನ ಊತ ಇತ್ಯಾದಿ. ಖಿನ್ನತೆಯಿರುವ ಯುವಕನ ವರದಿಯಲ್ಲಿ ರೇಡಿಯಾಲಜಿಸ್ಟರು ಬರೆಯುವುದು ಬಹುತೇಕ ಸಲ ‘ಅಸಹಜವಾದದ್ದೇನೂ ಕಂಡಿಲ್ಲ’ ಎಂಬ ಒಂದೇ ಸಾಲು. ಆಮೇಲೆ ಆಗುವುದೇ ದೊಡ್ಡ ಅನಾಹುತ. ವರದಿ ಕೈಗೆ ಬಂದ ಕೂಡಲೇ, ‘ನೋಡು, ಏನೂ ಇಲ್ಲವಂತೆ, ಎಲ್ಲ ನಿನ್ನ ನಾಟಕ’ ಎಂದು ರೋಗಿಯ ಮುಖಕ್ಕೇ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ವಿಡಿಯೊದಲ್ಲಿರುವುದು ಪೆಟ್ ಸ್ಕ್ಯಾನಿನ ಚಿತ್ರವಿರಬೇಕು. ಅದರಲ್ಲಿ ವಿಕಿರಣಶೀಲ ಗುರುತು ಹಚ್ಚಿದ ಗ್ಲೂಕೋಸ್ ಅನ್ನು ರಕ್ತಕ್ಕೆ ಸೇರಿಸಿ, ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಬಳಸುತ್ತಿದೆ ಎಂದು ಅಳೆಯುತ್ತಾರೆ. ನೀಲಿ, ಹಳದಿ ಬಣ್ಣಗಳು ಮಿದುಳಿನವಲ್ಲ, ಕಂಪ್ಯೂಟರಿನವು. ಬಣ್ಣದ ಮಾಪಕವನ್ನು ಸ್ವಲ್ಪ ಆಚೀಚೆ ಸರಿಸಿದರೆ ನಿಮ್ಮ ಸೋದರಮಾವನ ಮಿದುಳನ್ನೂ ನೀಲಿ ಮಾಡಿ ತೋರಿಸಬಹುದು.

ಗೋಕರ್ಣದವ
ಸೋದರಮಾವನಿಗೆ ಇದೊಂದು ಸಾಲನ್ನೇ ಕಳುಹಿಸಿ, ಸಾಕು.

ಸಿದ್ದಾಪುರದ ಅಡಿಕೆಗಾರ
ಸೋದರಮಾವನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಸಕ್ಕರೆ ಕಾಯಿಲೆಗೆ ರಕ್ತದಲ್ಲಿ ಒಂದು ಅಂಕಿಯಿದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ಕಾಯಿಲೆಗೆ ಮಾತ್ರ ಯಾವ ಪುರಾವೆಯೂ ಬೇಡವೇ? ಬರೀ ಮಾತು ಕೇಳಿ ರೋಗವನ್ನು ಹೆಸರಿಸುವುದಾದರೆ, ಪ್ರಸಾದ ಕೇಳಿ ಹೇಳುವವರಿಗೂ ಇವರಿಗೂ ಏನು ವ್ಯತ್ಯಾಸ ಎಂದು ಊರಿನವರು ಕೇಳಿದರೆ ನಾನು ಏನು ಹೇಳಲಿ?

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ವ್ಯತ್ಯಾಸ ಇಷ್ಟೇ: ಲಕ್ಷಣಗಳಿಗೆ ಬರೆದಿಟ್ಟ ಮಾನದಂಡವಿದೆ, ಕನಿಷ್ಠ ಎರಡು ವಾರ ದಿನದ ಬಹುಭಾಗ ಅವು ಇರಬೇಕೆಂಬ ನಿಯಮವಿದೆ, ಥೈರಾಯ್ಡಿನಂಥ ಬೇರೆ ಕಾರಣಗಳನ್ನು ಮೊದಲು ಹೊರಗಿಡಬೇಕೆಂಬ ಶಿಸ್ತಿದೆ, ಮತ್ತು ಆ ಮಾನದಂಡದ ಮೇಲೆ ಪರೀಕ್ಷೆಗೊಳಗಾದ ಔಷಧಗಳಿವೆ. ಮೈಗ್ರೇನ್ ಕೂಡ ರೋಗಿ ಹೇಳಿದ್ದನ್ನು ಕೇಳಿಯೇ ಗುರುತಿಸುವ ಕಾಯಿಲೆ. ಅದನ್ನು ಯಾರೂ ನಾಟಕ ಎನ್ನುವುದಿಲ್ಲ.

ಈಗ ಮಿದುಳಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಏನೂ ಕಂಡಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟವು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯ 1,728 ರೋಗಿಗಳ ಮತ್ತು 7,199 ಆರೋಗ್ಯವಂತರ ಎಂಆರ್‌ಐ ಚಿತ್ರಗಳನ್ನು ಒಟ್ಟುಗೂಡಿಸಿ ಅಳೆಯಲಾಯಿತು. ನೆನಪಿನ ಕೆಲಸದಲ್ಲಿ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ರೋಗಿಗಳಲ್ಲಿ ಸರಾಸರಿಯಾಗಿ ಚಿಕ್ಕದಿತ್ತು. ಆದರೆ ಎಷ್ಟು ಚಿಕ್ಕದು? ಒಬ್ಬ ರೋಗಿಯನ್ನೂ ಒಬ್ಬ ಆರೋಗ್ಯವಂತನನ್ನೂ ಮನಬಂದಂತೆ ಆರಿಸಿ ಜೋಡಿ ಮಾಡುತ್ತ ಹೋದರೆ, ನೂರು ಜೋಡಿಗಳಲ್ಲಿ ಸುಮಾರು 54ರಲ್ಲಿ ಮಾತ್ರ ರೋಗಿಯ ಹಿಪೊಕ್ಯಾಂಪಸ್ ಚಿಕ್ಕದಾಗಿರುತ್ತದೆ. ಉಳಿದ 46ರಲ್ಲಿ ಅದೇ ದೊಡ್ಡದು. ಅದಲ್ಲದೆ ಆ ವ್ಯತ್ಯಾಸ ಕಂಡದ್ದು ಕಾಯಿಲೆ ಮರುಕಳಿಸಿದವರಲ್ಲಿ ಮತ್ತು ಚಿಕ್ಕ ವಯಸ್ಸಿನಲ್ಲೇ ಆರಂಭವಾದವರಲ್ಲಿ. ಮೊದಲ ಸಲ ಖಿನ್ನತೆ ಬಂದವರಲ್ಲಿ ಕಾಣಲಿಲ್ಲ. ಹಾಗಾಗಿ ಅದು ಕಾಯಿಲೆಯ ಕಾರಣವೋ, ಕಾಯಿಲೆ ಬಿಟ್ಟುಹೋದ ಗುರುತೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಅಧ್ಯಯನ ಇದಕ್ಕಿಂತ ಕಟುವಾದದ್ದು. 2022ರಲ್ಲಿ ಜರ್ಮನಿಯ ಸಂಶೋಧಕರು 1,809 ಜನರ ರಚನೆ, ಚಟುವಟಿಕೆ, ನರತಂತುಗಳ ಜಾಲ ಎಲ್ಲವನ್ನೂ ಅಳೆದು, ಯಾವುದಾದರೂ ಒಂದು ಅಳತೆಯಿಂದ ರೋಗಿಯನ್ನು ಗುರುತಿಸಲು ಸಾಧ್ಯವೇ ಎಂದು ನೋಡಿದರು. ಅತ್ಯುತ್ತಮ ಅಳತೆಗಳೂ ಶೇಕಡಾ 54ರಿಂದ 56ರಷ್ಟು ಮಾತ್ರ ಸರಿಯಾದವು. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಸಿದ್ದಾಪುರದ ಅಡಿಕೆಗಾರ
ಹಾಗಾದರೆ ಇಷ್ಟು ವರ್ಷ ಕೋಟಿಗಟ್ಟಲೆ ಹಣವನ್ನು ಗಾಳಿಗೆ ತೂರಿದರು ಎಂದು ನೀವೇ ಒಪ್ಪಿದಂತಾಯಿತು.

ಕಾಳಿ ದಂಡೆಯ ಮೇಷ್ಟ್ರು
ಒಪ್ಪುವ ಮೊದಲು ಯಂತ್ರ ಏನನ್ನು ಅಳೆಯುತ್ತದೆ ಎಂದು ತಿಳಿಯಬೇಕು. ನಾನು ಕಾರವಾರದಲ್ಲಿ ಭೌತಶಾಸ್ತ್ರ ಕಲಿಸಿದವನು, ಆದುದರಿಂದ ಈ ಭಾಗ ನನಗೆ ಬಿಡಿ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತಿರುವಾಗ ಒಂದು ರೀತಿಯ ಕಾಂತಗುಣವನ್ನೂ, ಬಿಟ್ಟುಕೊಟ್ಟ ಮೇಲೆ ಇನ್ನೊಂದು ರೀತಿಯ ಕಾಂತಗುಣವನ್ನೂ ತೋರಿಸುತ್ತದೆ ಎಂದು 1936ರಲ್ಲಿಯೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಕಂಡುಕೊಂಡಿದ್ದರು. ಅರ್ಧ ಶತಮಾನದ ನಂತರ, 1990ರಲ್ಲಿ, ಬೆಲ್ ಪ್ರಯೋಗಾಲಯದಲ್ಲಿದ್ದ ಸೆಯ್ಜಿ ಒಗಾವಾ ಅದೇ ವ್ಯತ್ಯಾಸವನ್ನು ಬಳಸಿ ಇಲಿಯ ಮಿದುಳಿನ ರಕ್ತದಲ್ಲಿ ಆಮ್ಲಜನಕ ಏರಿಳಿಯುವುದನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು; 1992ರ ಹೊತ್ತಿಗೆ ಮನುಷ್ಯರ ಮೇಲೂ ಆ ಪ್ರಯೋಗ ನಡೆಯಿತು. ಇದೇ ಎಫ್‌ಎಂಆರ್‌ಐ, ಅಂದರೆ ಮಿದುಳಿನ ಚಟುವಟಿಕೆಯನ್ನು ಅಳೆಯುವ ಎಂಆರ್‌ಐ. ವಿಕಿರಣವಿಲ್ಲ, ಚುಚ್ಚುಮದ್ದಿಲ್ಲ, ಆದ್ದರಿಂದ ಆರೋಗ್ಯವಂತರನ್ನೂ ಮತ್ತೆ ಮತ್ತೆ ಅಳೆಯಬಹುದು. ಅದರ ಜನಪ್ರಿಯತೆಗೆ ಇದೇ ಮುಖ್ಯ ಕಾರಣ.

ಆದರೆ ಇದು ನರಕೋಶಗಳನ್ನು ನೇರವಾಗಿ ನೋಡುವುದಿಲ್ಲ. ನರಕೋಶಗಳು ಕೆಲಸ ಮಾಡಿದ ಮೇಲೆ ಅಲ್ಲಿಗೆ ಹೆಚ್ಚಿನ ರಕ್ತ ಹರಿದುಬರುತ್ತದೆ. ಆ ಸಂಕೇತ ತುತ್ತತುದಿ ತಲುಪಲು ಐದಾರು ಸೆಕೆಂಡು ಬೇಕು. ಒಂದೊಂದು ಚುಕ್ಕೆಯೂ ಎರಡು ಮೂರು ಮಿಲಿಮೀಟರಿನ ಘನ, ಅದರೊಳಗೆ ಲಕ್ಷಗಟ್ಟಲೆ ನರಕೋಶಗಳು. ರಸ್ತೆಯಲ್ಲಿ ನಿಂತು ಹೋಟೆಲಿನ ಹೊಗೆಯನ್ನು ನೋಡಿದವನಿಗೆ ಒಲೆ ಉರಿಯುತ್ತಿದೆ ಎಂದು ಗೊತ್ತಾಗುತ್ತದೆ, ಒಳಗೆ ಇಡ್ಲಿ ಬೇಯುತ್ತಿದೆಯೋ ಮೀನು ಸಾರು ಕುದಿಯುತ್ತಿದೆಯೋ ಗೊತ್ತಾಗುವುದಿಲ್ಲ. ಸಂಕೇತದ ಏರಿಳಿತವಾದರೂ ಎಷ್ಟು? ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸು. ಅಷ್ಟು ಚಿಕ್ಕದನ್ನು ಗದ್ದಲದಿಂದ ಬೇರ್ಪಡಿಸಲು ಹೋಗಿ ಏನೇನು ಎಡವಟ್ಟು ಆಗಬಹುದು ಎನ್ನುವುದಕ್ಕೆ ಸತ್ತ ಮೀನಿನ ಪ್ರಯೋಗವೇ ಸಾಕ್ಷಿ. 2009ರಲ್ಲಿ ಅಮೆರಿಕದ ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಅವರಿಗೆ ಯಾವ ಭಾವನೆಯಿದೆ ಎಂದು ಕೇಳಿದರು. ಮೀನಿನ ಮಿದುಳಿನಲ್ಲಿ ಚಟುವಟಿಕೆ ಕಂಡಿತು! 2012ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು.

ಗೋಕರ್ಣದವ
ನಮ್ಮ ತದಡಿ ಬಂದರಿನ ಬಂಗುಡೆಗೂ ಒಮ್ಮೆ ಕೇಳಿ ನೋಡಬೇಕು.

ಅಂಕಿಸಂಖ್ಯೆ (ಭಟ್ಕಳ)
ಮೇಷ್ಟ್ರೇ, ಆ ಮೀನಿನ ಕಥೆಯನ್ನು ಎಲ್ಲರೂ ಅರ್ಧ ಹೇಳಿ ಬಿಡುತ್ತಾರೆ. ಯಂತ್ರ ಸುಳ್ಳು ಹೇಳುತ್ತದೆ ಎಂದು ತೋರಿಸುವುದು ಆ ಸಂಶೋಧಕರ ಉದ್ದೇಶವಾಗಿರಲಿಲ್ಲ. ಹತ್ತಾರು ಸಾವಿರ ಚುಕ್ಕೆಗಳ ಮೇಲೆ ಏಕಕಾಲಕ್ಕೆ ಪರೀಕ್ಷೆ ನಡೆಸಿದಾಗ ಕೆಲವು ಚುಕ್ಕೆಗಳು ಕೇವಲ ಆಕಸ್ಮಿಕವಾಗಿ ಹೊಳೆಯುತ್ತವೆ, ಆದುದರಿಂದ ಲೆಕ್ಕದಲ್ಲಿ ಅದಕ್ಕೆ ತಿದ್ದುಪಡಿ ಮಾಡಲೇಬೇಕು ಎಂದು ಅವರು ಹೇಳಿದ್ದು. ತಿದ್ದುಪಡಿ ಮಾಡಿದ ಕೂಡಲೇ ಮೀನು ಮತ್ತೆ ಸತ್ತುಹೋಯಿತು.

ನಿಜವಾಗಿಯೂ ಚಿಂತೆ ಹುಟ್ಟಿಸುವ ವಿಷಯಗಳು ಬೇರೆ ಇವೆ. 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು, ಎಲ್ಲರೂ ಬಳಸುವ ತಂತ್ರಾಂಶಗಳಲ್ಲಿ ಕೆಲವು ಲೆಕ್ಕದ ವಿಧಾನಗಳು ಶೇಕಡಾ 5ರಷ್ಟು ಮಾತ್ರ ಇರಬೇಕಾದ ಸುಳ್ಳು ಫಲಿತಾಂಶಗಳನ್ನು ಶೇಕಡಾ 70ರವರೆಗೂ ಕೊಡಬಲ್ಲವು ಎಂದು ತೋರಿಸಿದರು. 2020ರಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಊಹೆಗಳನ್ನು ಪರೀಕ್ಷಿಸಲು ಹೇಳಿದಾಗ, ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ಹೋಗಲಿಲ್ಲ, ಹಲವು ಊಹೆಗಳ ಬಗ್ಗೆ ತೀರ್ಮಾನವೂ ಒಂದೇ ಆಗಲಿಲ್ಲ. 2022ರಲ್ಲಿ ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಸುಮಾರು 50,000 ಜನರ ದತ್ತಾಂಶವನ್ನು ಇಟ್ಟುಕೊಂಡು, ಮಿದುಳಿನ ಅಳತೆಗೂ ಸ್ವಭಾವಕ್ಕೂ ಇರುವ ಸಂಬಂಧವನ್ನು ನಂಬುವಂತೆ ಹೇಳಲು ಸಾವಿರಾರು ಜನ ಬೇಕು ಎಂದು ಲೆಕ್ಕ ಕೊಟ್ಟರು. ಆವರೆಗಿನ ಅಧ್ಯಯನಗಳ ಗಾತ್ರ ಸಾಮಾನ್ಯವಾಗಿ ಇಪ್ಪತ್ತೈದರ ಆಸುಪಾಸಿನಲ್ಲಿತ್ತು. ಖಿನ್ನತೆಯ ಬಗ್ಗೆಯೇ ಹೇಳಬೇಕೆಂದರೆ, 2017ರಲ್ಲಿ 99 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲವೂ ಒಪ್ಪಿ ಬೆರಳು ತೋರಿಸುವ ಒಂದು ಜಾಗವೂ ಸಿಗಲಿಲ್ಲ.

ಇದನ್ನೆಲ್ಲ ಕಂಡುಹಿಡಿದು ಬಹಿರಂಗವಾಗಿ ಹೇಳಿದವರು ಆ ಕ್ಷೇತ್ರದವರೇ ಎನ್ನುವುದನ್ನು ಅಡಿಕೆಗಾರರು ಗಮನಿಸಬೇಕು. ಗಾಳಿಗೆ ತೂರುವವರು ತಮ್ಮ ಲೆಕ್ಕವನ್ನು ತಾವೇ ತಪಾಸಣೆಗೆ ಒಡ್ಡುವುದಿಲ್ಲ.

ಗಂಗಾವಳಿ (ಅಂಕೋಲಾ)
ಲೆಕ್ಕದವರು ಯಾರೂ ಹೇಳದ ಒಂದು ಸಂಗತಿಯಿದೆ. ನನಗೆ ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ತೀವ್ರ ಭಯ ಆವರಿಸುವ ಕಾಯಿಲೆ ಇದೆ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಆತಂಕದ ಕುರಿತಾದ ಒಂದು ಸ್ಕ್ಯಾನ್ ಅಧ್ಯಯನಕ್ಕೆ ಒಪ್ಪಿಕೊಂಡಿದ್ದೆ. ಆ ಕೊಳವೆಯೊಳಗೆ ತಲೆಯನ್ನು ಬಿಗಿದು ಮಲಗಿಸಿ, ಮುಖದ ಮೇಲೆ ಪಂಜರದಂಥ ಚೌಕಟ್ಟು ಇಟ್ಟು, ಬಡಿತದ ಸದ್ದು ಆರಂಭವಾದ ಕೂಡಲೇ ನನಗೆ ಉಸಿರು ಕಟ್ಟಿತು; ಕೈಯಲ್ಲಿ ಕೊಟ್ಟಿದ್ದ ಗುಂಡಿಯನ್ನು ಒತ್ತಿ ಹೊರಬಂದೆ. ಅಲ್ಲಿಯವರು ಬಹಳ ಸೌಜನ್ಯದಿಂದ ನಡೆದುಕೊಂಡರು, ಅದರಲ್ಲಿ ದೂರೇನಿಲ್ಲ. ಆದರೆ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದರು. ಹಾಗಾದರೆ ಆತಂಕದ ಮಿದುಳು ಹೀಗಿರುತ್ತದೆ ಎಂದು ಪ್ರಕಟವಾಗುವ ಚಿತ್ರ ಯಾರದ್ದು? ಆ ಕೊಳವೆಯಲ್ಲಿ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬಲ್ಲವರದ್ದು. ಕಾಯಿಲೆ ಅತ್ಯಂತ ತೀವ್ರವಾಗಿರುವವರೇ ಅಧ್ಯಯನದಿಂದ ಜಾರಿಹೋಗುತ್ತಾರೆ.

ಸ್ಕ್ಯಾನ್ ಕೋಣೆಯವಳು
ಇದು ನೂರಕ್ಕೆ ನೂರು ಸತ್ಯ. ಮಲಗಿದವರೂ ಅಲುಗಾಡುತ್ತಾರೆ. ಆತಂಕದಲ್ಲಿರುವವರು ಸ್ವಲ್ಪ ಹೆಚ್ಚಾಗಿಯೇ ಅಲುಗಾಡುತ್ತಾರೆ. ಅರ್ಧ ಮಿಲಿಮೀಟರಿನ ಚಲನೆಯೂ ಚಿತ್ರವನ್ನು ಕೆಡಿಸುತ್ತದೆ.

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ಅಲುಗಾಟವನ್ನಾದರೂ ಅಳೆದು ಲೆಕ್ಕದಿಂದ ಕಳೆಯಬಹುದು, ಉಸಿರಾಟ ಅದಕ್ಕಿಂತ ಮೋಸದ್ದು. ಆತಂಕಗೊಂಡವರು ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಎಫ್‌ಎಂಆರ್‌ಐ ಸಂಕೇತ ಬದಲಾಗುತ್ತದೆ. ನರಕೋಶಗಳ ಕೆಲಸ ಬದಲಾಯಿತೋ, ಬರೀ ಉಸಿರು ಬದಲಾಯಿತೋ ಎಂದು ಬೇರ್ಪಡಿಸಲು ಉಸಿರಾಟವನ್ನೂ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ. ಬೆಳಿಗ್ಗೆ ಕುಡಿದ ಕಾಫಿ ಕೂಡ ಮಿದುಳಿನ ರಕ್ತಸಂಚಾರವನ್ನು ತಗ್ಗಿಸುತ್ತದೆ, ಆದುದರಿಂದ ಒಳ್ಳೆಯ ಅಧ್ಯಯನಗಳು ಅದನ್ನೂ ದಾಖಲಿಸುತ್ತವೆ.

ಪ್ಯಾನಿಕ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗವನ್ನು ‘ಭಯದ ಕೇಂದ್ರ’ ಎಂದು ಪತ್ರಿಕೆಗಳು ಬರೆದೇ ಬರೆಯುತ್ತವೆ. ಅಪರೂಪದ ಕಾಯಿಲೆಯೊಂದರಿಂದ ಎರಡೂ ಕಡೆಯ ಅಮಿಗ್ಡಲ ನಾಶವಾದ ಎಸ್‌.ಎಂ. ಎಂಬ ಸಂಕೇತನಾಮದ ಅಮೆರಿಕದ ಮಹಿಳೆಗೆ ಹಾವು, ಜೇಡ, ದೆವ್ವದ ಮನೆ ಯಾವುದೂ ಹೆದರಿಕೆ ಹುಟ್ಟಿಸಲಿಲ್ಲ ಎನ್ನುವುದು ನಿಜ. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಸಲ ಒಳಗೆಳೆದುಕೊಂಡಾಗ ಅದೇ ಮಹಿಳೆ ತೀವ್ರ ಪ್ಯಾನಿಕ್‌ಗೆ ಒಳಗಾದರು. ಹೊರಗಿನ ಅಪಾಯದ ಭಯಕ್ಕೂ ಒಳಗೆ ಉಸಿರುಗಟ್ಟುವ ಭಯಕ್ಕೂ ದಾರಿಗಳೇ ಬೇರೆ ಎಂದಾಯಿತು. ಇನ್ನೊಂದು ಕಡೆ, ಹೊಸದೇನಾದರೂ ಕಂಡರೂ, ಇಷ್ಟವಾದದ್ದು ಎದುರಾದರೂ ಅಮಿಗ್ಡಲ ಚುರುಕಾಗುತ್ತದೆ. ಅದು ಹೊಳೆಯಿತು, ಆದುದರಿಂದ ಈ ಮನುಷ್ಯ ಹೆದರಿದ್ದಾನೆ ಎಂದು ಹಿಂದುಮುಂದಾಗಿ ತರ್ಕಿಸುವುದರ ವಿರುದ್ಧ ಮಿದುಳಿನ ಚಿತ್ರಗಳ ಸಂಶೋಧಕ ರಸೆಲ್ ಪೋಲ್ಡ್ರ್ಯಾಕ್ 2006ರಲ್ಲಿಯೇ ಎಚ್ಚರಿಸಿದ್ದರು. ಸುದ್ದಿವಾಹಿನಿಗಳಿಗೆ ಅದು ಇನ್ನೂ ತಲುಪಿಲ್ಲ.

ಸಿದ್ದಾಪುರದ ಅಡಿಕೆಗಾರ
ಈಗ ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ. ಒಂದು ಜಾಗ ನೋಡಿದರೆ ಗೊತ್ತಾಗದ್ದು ಸಾವಿರ ಜಾಗಗಳನ್ನು ಒಟ್ಟಿಗೆ ನೋಡಿದರೆ ಗೊತ್ತಾಗಬಹುದು. ಖಿನ್ನತೆಯಲ್ಲಿ ಆರು ಬಗೆ ಇವೆಯೆಂದು ಸ್ಕ್ಯಾನಿನಿಂದಲೇ ಕಂಡುಹಿಡಿದಿದ್ದಾರೆ ಎಂದು 2024ರಲ್ಲಿ ಓದಿದ್ದೇನೆ. ಅದನ್ನೇಕೆ ಯಾರೂ ಹೇಳುತ್ತಿಲ್ಲ?

ಅಂಕಿಸಂಖ್ಯೆ (ಭಟ್ಕಳ)
ಒಳ್ಳೆಯ ಪ್ರಶ್ನೆ. ಅದು ಸ್ಟ್ಯಾನ್‌ಫರ್ಡಿನ ಲಿಯಾನ್ ವಿಲಿಯಮ್ಸ್ ಅವರ ತಂಡದ ಕೆಲಸ. ಖಿನ್ನತೆ ಮತ್ತು ಆತಂಕದ 801 ರೋಗಿಗಳನ್ನು ಅವರ ಮಿದುಳಿನ ಜಾಲಗಳ ವರ್ತನೆಯ ಮೇಲೆ ಆರು ಗುಂಪುಗಳಾಗಿ ವಿಂಗಡಿಸಿ, ಕೆಲವು ಗುಂಪುಗಳಿಗೆ ಕೆಲವು ಚಿಕಿತ್ಸೆಗಳು ಹೆಚ್ಚು ಫಲಿಸಿದವು ಎಂದು ಅವರು ತೋರಿಸಿದರು. ನನಗೆ ಅದರಲ್ಲಿ ಇಷ್ಟವಾದದ್ದು ಪ್ರಶ್ನೆಯ ದಿಕ್ಕು. ‘ಇವನಿಗೆ ಖಿನ್ನತೆ ಇದೆಯೇ’ ಎಂದು ಯಂತ್ರವನ್ನು ಕೇಳುವುದು ವ್ಯರ್ಥ, ಅದನ್ನು ಅವನನ್ನೇ ಕೇಳಿದರೆ ಹೇಳುತ್ತಾನೆ. ‘ಇವನಿಗೆ ಯಾವ ಔಷಧ ಹಿಡಿಸುತ್ತದೆ’ ಎಂದು ಮಾತ್ರ ಅವನಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಈಗ ಒಂದನ್ನು ಕೊಟ್ಟು ವಾರಗಟ್ಟಲೆ ಕಾದು, ಫಲಿಸದಿದ್ದರೆ ಇನ್ನೊಂದಕ್ಕೆ ಹೋಗುತ್ತಾರೆ. ಯಂತ್ರದ ಕೆಲಸವಿರುವುದು ಅಲ್ಲಿ.

ಆದರೆ ಹಬ್ಬ ಮಾಡುವ ಮೊದಲು 2017ರ ಕಥೆಯನ್ನು ನೆನಪಿಸಿಕೊಳ್ಳಿ. ಆಗಲೂ ಸಾವಿರಕ್ಕೂ ಹೆಚ್ಚು ಜನರ ಎಫ್‌ಎಂಆರ್‌ಐ ಆಧರಿಸಿ ಖಿನ್ನತೆಯ ನಾಲ್ಕು ಜೈವಿಕ ಬಗೆಗಳು ಸಿಕ್ಕವು ಎಂದು ದೊಡ್ಡ ಸುದ್ದಿಯಾಯಿತು. 2019ರಲ್ಲಿ ನೆದರ್‌ಲ್ಯಾಂಡ್ಸಿನ ತಂಡವೊಂದು ಬೇರೆ ರೋಗಿಗಳ ಮೇಲೆ ಅದೇ ವಿಧಾನವನ್ನು ಅನುಸರಿಸಿದಾಗ ಆ ನಾಲ್ಕು ಬಗೆಗಳಿಗೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಗುಂಪು ಮಾಡು ಎಂದರೆ ಗಣಕಯಂತ್ರ ಯಾವುದನ್ನು ಬೇಕಾದರೂ ಗುಂಪು ಮಾಡಿಕೊಡುತ್ತದೆ. ಅದೇ ಗುಂಪುಗಳು ಇನ್ನೊಂದು ಆಸ್ಪತ್ರೆಯಲ್ಲಿ, ಇನ್ನೊಂದು ಯಂತ್ರದಲ್ಲಿ, ಮತ್ತೆ ಸಿಗಬೇಕು.

ಇನ್ನೊಂದು ತೊಡಕು ಅಳತೆಯ ಸ್ಥಿರತೆ. ಒಬ್ಬನನ್ನೇ ಇಂದು ಮತ್ತು ಕೆಲವು ವಾರಗಳ ನಂತರ ಅಳೆದರೆ ಒಂದೇ ಉತ್ತರ ಬರಬೇಕಲ್ಲವೇ? 2020ರ ಒಂದು ವಿಶ್ಲೇಷಣೆಯ ಪ್ರಕಾರ ಎಫ್‌ಎಂಆರ್‌ಐನ ಸಾಮಾನ್ಯ ಪ್ರಯೋಗಗಳ ಸ್ಥಿರತೆಯ ಅಂಕ 0.4ರಷ್ಟು. 1 ಬಂದರೆ ಪೂರ್ಣ ಸ್ಥಿರ, 0.4 ಎಂದರೆ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲು ಏನೇನೂ ಸಾಲದು.

ಕಾಳಿ ದಂಡೆಯ ಮೇಷ್ಟ್ರು
ನೀವಿಬ್ಬರೂ ಸೇರಿ ಎಲ್ಲವನ್ನೂ ಕೆಡವುತ್ತಿದ್ದೀರಿ. ಕಟ್ಟಿದ್ದನ್ನೂ ಹೇಳಬೇಕು. ನರವಿಜ್ಞಾನಿ ಹೆಲೆನ್ ಮೇಬರ್ಗ್ ಪೆಟ್ ಸ್ಕ್ಯಾನುಗಳನ್ನು ವರ್ಷಗಟ್ಟಲೆ ನೋಡಿ, ಹಣೆಯ ಹಿಂದೆ ಆಳದಲ್ಲಿರುವ ‘ಪ್ರದೇಶ 25’ ಎಂಬ ಪುಟ್ಟ ಜಾಗ ದುಃಖದಲ್ಲಿ ಚುರುಕಾಗುತ್ತದೆ, ಖಿನ್ನತೆ ಗುಣವಾದಾಗ ತಣ್ಣಗಾಗುತ್ತದೆ ಎಂದು ಗುರುತಿಸಿದ್ದರಿಂದಲೇ, 2005ರಲ್ಲಿ ಟೊರಾಂಟೊದಲ್ಲಿ ಯಾವ ಔಷಧಕ್ಕೂ ಬಗ್ಗದ ಆರು ರೋಗಿಗಳಿಗೆ ಆ ಜಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ವಿದ್ಯುದ್ವಾರವನ್ನು (ತೆಳು ತಂತಿಯನ್ನು) ಇರಿಸಲು ಸಾಧ್ಯವಾಯಿತು. ಆರರಲ್ಲಿ ನಾಲ್ವರು ಆರು ತಿಂಗಳ ನಂತರವೂ ಚೇತರಿಕೆಯಲ್ಲಿದ್ದರು. ಸ್ಕ್ಯಾನ್ ಇಲ್ಲದಿದ್ದರೆ ಆ ಜಾಗದ ಹೆಸರೂ ಯಾರಿಗೂ ಬೇಕಾಗಿರಲಿಲ್ಲ.

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ಅದಾದ ಮೇಲಿನದ್ದನ್ನೂ ಹೇಳಿಬಿಡಿ ಮೇಷ್ಟ್ರೇ. 90 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ನಿಜವಾದ ಪ್ರಚೋದನೆಗೂ, ವಿದ್ಯುತ್ ಹರಿಸದ ತೋರಿಕೆಯ ಪ್ರಚೋದನೆಗೂ ವ್ಯತ್ಯಾಸ ಸಿಗದೆ ಅದನ್ನು ನಿಲ್ಲಿಸಬೇಕಾಯಿತು. 2017ರಲ್ಲಿ ಅದರ ವರದಿ ಪ್ರಕಟವಾಯಿತು. ಆದರೂ ಹೆಚ್ಚು ಕಾಲ ಮುಂದುವರಿದವರಲ್ಲಿ ಅನೇಕರು ಸುಧಾರಿಸಿದರು. ಈಗ ನರತಂತುಗಳ ಹಾದಿಯನ್ನು ತೋರಿಸುವ ಇನ್ನೊಂದು ಬಗೆಯ ಎಂಆರ್‌ಐ ಬಳಸಿ, ಒಬ್ಬೊಬ್ಬ ರೋಗಿಗೂ ಆ ತಂತುಗಳು ಕೂಡುವ ಬಿಂದುವನ್ನು ಹುಡುಕಿ ವಿದ್ಯುದ್ವಾರ ಇಡುತ್ತಾರೆ. ಆದ್ದರಿಂದ ನಾನು ಕೆಡವುತ್ತಿಲ್ಲ. ಲೆಕ್ಕವನ್ನು ಪೂರ್ತಿ ಬರೆಯುತ್ತಿದ್ದೇನೆ.

ತಲೆಬುರುಡೆಯ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಡುವ ಚಿಕಿತ್ಸೆಯಲ್ಲಿಯೂ ಇದೇ ಆಯಿತು. 2022ರಲ್ಲಿ ಸ್ಟ್ಯಾನ್‌ಫರ್ಡಿನವರು ಎಫ್‌ಎಂಆರ್‌ಐ ನೋಡಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಜಾಗ ಗುರುತಿಸಿ, ದಿನಕ್ಕೆ ಹತ್ತು ಸಲದಂತೆ ಐದು ದಿನ ಚಿಕಿತ್ಸೆ ಕೊಟ್ಟಾಗ ಚೇತರಿಸಿಕೊಂಡವರು ಶೇಕಡಾ 79, ತೋರಿಕೆಯ ಚಿಕಿತ್ಸೆಯಲ್ಲಿ ಶೇಕಡಾ 13. ಬೆರಗಾಗುವ ಅಂಕಿ, ಆದರೆ ಪ್ರಯೋಗದಲ್ಲಿದ್ದವರು 29 ಜನ. ಫಲ ಕೊಟ್ಟದ್ದು ಸ್ಕ್ಯಾನಿನ ಗುರಿಯೋ, ಐದೇ ದಿನದಲ್ಲಿ ಸುರಿದ ಪ್ರಮಾಣವೋ? 2024ರಲ್ಲಿ ಬ್ರಿಟನ್ನಿನಲ್ಲಿ 255 ರೋಗಿಗಳ ಮೇಲೆ, ಎಫ್‌ಎಂಆರ್‌ಐ ಜಾಲವನ್ನು ನೋಡಿ ಗುರಿಯಿಟ್ಟ ಚಿಕಿತ್ಸೆಯನ್ನೂ ಮಾಮೂಲಿ ವಿಧಾನವನ್ನೂ ಹೋಲಿಸಿದಾಗ ಎರಡೂ ಗುಂಪುಗಳು ಸುಧಾರಿಸಿದವು, ಒಂದು ಇನ್ನೊಂದಕ್ಕಿಂತ ಮೇಲಾಗಲಿಲ್ಲ.

ಯಲ್ಲಾಪುರದ ಸೊಸೆ
ಇಷ್ಟು ಹೊತ್ತೂ ಎಲ್ಲರೂ ಕೊಟ್ಟ ಅಂಕಿಗಳನ್ನು ಓದಿದೆ. ನನಗೆ ಹೆರಿಗೆಯ ನಂತರ ಖಿನ್ನತೆ ಬಂದಾಗ ಮನೆಯಲ್ಲಿ ಅದನ್ನು ಸೋಮಾರಿತನ ಎಂದರು. ಮಿದುಳಿನ ಬಣ್ಣದ ಚಿತ್ರವಿದ್ದ ಒಂದು ಪತ್ರಿಕಾ ಲೇಖನವನ್ನು ನನ್ನ ನಾದಿನಿ ಅತ್ತೆಗೆ ಓದಿ ಹೇಳಿದ ಮೇಲೆ ಬೈಗುಳ ನಿಂತಿತು. ಆ ಚಿತ್ರ ವೈಜ್ಞಾನಿಕವಾಗಿ ಅರ್ಧ ಸತ್ಯವಾಗಿದ್ದಿರಬಹುದು, ಆದರೆ ನನಗೆ ಅದರಿಂದ ಉಪಕಾರವಾಯಿತು. ಸೋದರಮಾವ ಕೇಳುತ್ತಿರುವುದೂ ಅಂಥದ್ದೇ ಏನೋ ಇರಬೇಕು.

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ನಿಮಗೆ ಉಪಕಾರವಾದದ್ದರ ಬಗ್ಗೆ ನನಗೆ ಸಂತೋಷವಿದೆ, ಆದರೆ ಈ ಉಪಾಯಕ್ಕೆ ಎರಡು ಅಲಗುಗಳಿವೆ. ಮಾನಸಿಕ ಕಾಯಿಲೆಗೆ ಮಿದುಳೇ ಕಾರಣ, ಅನುವಂಶವೇ ಕಾರಣ ಎಂದು ವಿವರಿಸಿದಾಗ ಜನ ರೋಗಿಯನ್ನು ದೂಷಿಸುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ‘ಇದು ಇನ್ನು ವಾಸಿಯಾಗುವುದಲ್ಲ’ ಎಂಬ ನಿರಾಶೆ ಹೆಚ್ಚುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ವಿಶ್ಲೇಷಣೆಯೊಂದು ತೋರಿಸಿದೆ. ಬೈಗುಳ ನಿಲ್ಲುತ್ತದೆ, ನಂತರ ‘ಅವಳ ತಲೆಯೇ ಹಾಗೆ’ ಎಂದು ಬದಿಗಿಡುತ್ತಾರೆ. ಮದುವೆಯ ಮಾತುಕತೆಯಲ್ಲಿ ಈ ಸಾಲು ಏನು ಮಾಡುತ್ತದೆ ಎಂದು ನಮ್ಮ ಊರುಗಳಲ್ಲಿ ಹೇಳಿಕೊಡಬೇಕಾಗಿಲ್ಲ.

ಯಲ್ಲಾಪುರದ ಸೊಸೆ
ಬದಿಗಿಟ್ಟರೂ ಪರವಾಗಿಲ್ಲ, ಆಗ ನನಗೆ ನಿದ್ದೆ ಮಾಡಲು ಬಿಟ್ಟರೆ ಸಾಕಾಗಿತ್ತು. ಪುಸ್ತಕದ ಮಾತು ಬೇರೆ, ಹಸಿ ಬಾಣಂತಿಯ ಮಾತು ಬೇರೆ.

ಕಾಳಿ ದಂಡೆಯ ಮೇಷ್ಟ್ರು
ಇಲ್ಲಿಯವರೆಗೆ ಬಂದ ಅಧ್ಯಯನಗಳು ಬಹುಪಾಲು ಅಮೆರಿಕ, ಯುರೋಪಿನವು. ಹೈದರಾಬಾದಿನ ಐಐಐಟಿಯವರು 2019ರಲ್ಲಿ ನೂರು ಭಾರತೀಯರ ಎಂಆರ್‌ಐ ಇಟ್ಟುಕೊಂಡು ಸಿದ್ಧಪಡಿಸಿದ ಮಿದುಳಿನ ನಕ್ಷೆಯಲ್ಲಿ, ನಮ್ಮವರ ಮಿದುಳಿನ ಸರಾಸರಿ ಎತ್ತರ, ಅಗಲ, ಗಾತ್ರಗಳು ಪಾಶ್ಚಾತ್ಯ ನಕ್ಷೆಗಿಂತ ಕಡಿಮೆಯಿದ್ದವು. ಅಳತೆಗೋಲೇ ಬೇರೆಯವರದ್ದಾದರೆ ನಮ್ಮವರ ಹಿಪೊಕ್ಯಾಂಪಸ್ ಚಿಕ್ಕದೆಂದು ಹೇಗೆ ಹೇಳುವುದು? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ನಂತರ ಮಳೆಯ ಸದ್ದಿಗೇ ಬೆಚ್ಚುವವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಅಂಥವರ ಮೇಲೆ ಇಲ್ಲಿಯೇ ಅಧ್ಯಯನ ನಡೆಯಬೇಕು ಎಂದು ನನಗನಿಸುತ್ತದೆ.

ಗಂಗಾವಳಿ (ಅಂಕೋಲಾ)
ಮೇಷ್ಟ್ರೇ, ಕ್ಷಮಿಸಿ, ಈ ಮಾತನ್ನು ನಾನು ಒಪ್ಪುವುದಿಲ್ಲ. ಶಿರೂರು ನನ್ನ ಮನೆಯಿಂದ ದೂರವಿಲ್ಲ. ಆ ಜನರಿಗೆ ಬೇಕಾದದ್ದು ತಿಂಗಳಿಗೊಮ್ಮೆಯಾದರೂ ಕುಳಿತು ಕೇಳುವ ಒಬ್ಬ ಆಪ್ತಸಮಾಲೋಚಕರು, ಕೊಳವೆಯೊಳಗಿನ ಮುಕ್ಕಾಲು ಗಂಟೆಯಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆಯೇ ತಲುಪದವರ ಪ್ರಮಾಣ ಶೇಕಡಾ 70ರಿಂದ 92 ಎಂದು ಕಂಡಿತ್ತು. ಒಳ್ಳೆಯ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಇಷ್ಟು ವರ್ಷ ಕೂಗುತ್ತಿರುವಾಗ ಸಂಶೋಧನೆಗೆ ಹೆಚ್ಚು ಶಕ್ತಿಯ (ಮೂರು ಟೆಸ್ಲಾ ಕಾಂತಬಲದ) ಎಂಆರ್‌ಐ ಯಂತ್ರ ಕೇಳುವುದು ಸರಿಯಲ್ಲ.

ಕಾಳಿ ದಂಡೆಯ ಮೇಷ್ಟ್ರು
ಎರಡೂ ಬೇಕು ಎಂದರೆ ತಪ್ಪೇನು? ಒಂದು ಆಗುವವರೆಗೆ ಇನ್ನೊಂದು ಕಾಯಲಿ ಎಂದರೆ ನಮ್ಮ ಜಿಲ್ಲೆಯಲ್ಲಿ ಎರಡೂ ಆಗುವುದಿಲ್ಲ.

ಕುಮಟಾದ ಅಣ್ಣ
ಎಲ್ಲರ ಉತ್ತರಗಳನ್ನೂ ಓದಿದೆ, ಕೆಲವನ್ನು ತಮ್ಮನಿಗೂ ಓದಿಸಿದೆ. ಹಿಪೊಕ್ಯಾಂಪಸ್‌ನ ನೂರು ಜೋಡಿಗಳ ಲೆಕ್ಕ ಅವನಿಗೆ ಹಿಡಿಸಿತು. ಆದರೆ ಸೋದರಮಾವ ಈಗ ಬೇರೆ ರಾಗ ಎತ್ತಿದ್ದಾರೆ: ಗಡ್ಡೆಗಿಡ್ಡೆ ಇದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಸ್ಕ್ಯಾನ್ ನಿಜವಾಗಿಯೂ ಬೇಕಾಗುವುದು ಯಾವಾಗ?

ಸ್ಕ್ಯಾನ್ ಕೋಣೆಯವಳು
ವೈದ್ಯರು ಬರೆದುಕೊಟ್ಟಾಗ. ಅವರು ಸಾಮಾನ್ಯವಾಗಿ ಬರೆದುಕೊಡುವುದು, ವಯಸ್ಸಾದ ಮೇಲೆ ಮೊಟ್ಟಮೊದಲ ಸಲ ಇಂಥ ಲಕ್ಷಣಗಳು ಬಂದಾಗ, ಅಪಸ್ಮಾರ ಬಂದಾಗ, ಒಂದು ಕೈ ಅಥವಾ ಕಾಲು ಬಲಹೀನವಾದಾಗ, ದಿನೇ ದಿನೇ ಹೆಚ್ಚುವ ತಲೆನೋವಿನೊಂದಿಗೆ ವಾಂತಿ ಇದ್ದಾಗ, ತಲೆಗೆ ಪೆಟ್ಟು ಬಿದ್ದ ನಂತರ, ಅಥವಾ ಮನುಷ್ಯನ ಸ್ವಭಾವ, ನೆನಪು, ಮಾತು ಇದ್ದಕ್ಕಿದ್ದಂತೆ ಬದಲಾದಾಗ. ಇವುಗಳಲ್ಲಿ ಯಾವುದಾದರೂ ನಿಮ್ಮ ತಮ್ಮನಿಗಿದ್ದರೆ ವೈದ್ಯರಿಗೆ ತಿಳಿಸಿ. ಇಲ್ಲದಿದ್ದರೆ ಸಾವಿರಾರು ರೂಪಾಯಿ ತೆತ್ತು ‘ಏನೂ ಕಂಡಿಲ್ಲ’ ಎಂಬ ಕಾಗದ ತರುತ್ತೀರಿ. ಇನ್ನೂ ಕೆಟ್ಟದ್ದೆಂದರೆ, ಯಾವ ತೊಂದರೆಯೂ ಕೊಡದ ಸಣ್ಣ ನೀರುಗುಳ್ಳೆಯೊಂದು ಅಕಸ್ಮಾತ್ತಾಗಿ ಕಂಡು, ಆತಂಕದ ರೋಗಿಗೆ ಹೊಸದೊಂದು ಆತಂಕವನ್ನು ಅಂಟಿಸಿಕೊಂಡು ಘಟ್ಟ ಇಳಿಯುತ್ತೀರಿ.

ಸಿದ್ದಾಪುರದ ಅಡಿಕೆಗಾರ
ಸರಿ, ಸ್ಕ್ಯಾನ್ ಬೇಡ ಎಂದೇ ಇಟ್ಟುಕೊಳ್ಳೋಣ. ಮಾತ್ರೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಯಾವುದಾದರೂ ಒಂದು ಅಂಕಿ ಬೇಡವೇ? ಇದಕ್ಕಾದರೂ ನೇರ ಉತ್ತರ ಕೊಡಿ.

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ಅಂಕಿ ಇದೆ, ಅದಕ್ಕೆ ಯಂತ್ರ ಬೇಡ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿಯೂ ಸಿಗುತ್ತದೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಆಯಾಸ ಮುಂತಾದವು ಹೇಗಿದ್ದವು ಎಂಬುದಕ್ಕೆ ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಗಮನಿಸಬೇಕು, ಇಪ್ಪತ್ತು ಮುಟ್ಟಿದರೆ ತೀವ್ರ. ಆತಂಕಕ್ಕೆ ಜಿಎಡಿ-7 ಎಂಬ ಇಂಥದ್ದೇ ಪಟ್ಟಿ ಇದೆ. ಇವು ಕಾಯಿಲೆಯನ್ನು ತೀರ್ಮಾನಿಸುವುದಿಲ್ಲ, ಅದು ವೈದ್ಯರ ಕೆಲಸ. ಆದರೆ ಪ್ರತಿ ಭೇಟಿಯ ಮೊದಲು ತಮ್ಮನೇ ತುಂಬಿಸಿ ಒಯ್ದರೆ ಅಂಕ ಇಳಿಯುತ್ತಿದೆಯೋ ಇಲ್ಲವೋ ಎಂದು ಸೋದರಮಾವನೂ ನೋಡಬಹುದು. ಮಾತ್ರೆಗಳ ಪರಿಣಾಮ ಕಾಣಲು ಸಾಮಾನ್ಯವಾಗಿ ಕೆಲವು ವಾರಗಳು ಬೇಕು. ಮೊದಲ ವಾರದಲ್ಲೇ ಇಳಿಯಲಿಲ್ಲವೆಂದು ತಾವಾಗಿ ನಿಲ್ಲಿಸಬಾರದು.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಗೆ ಸಂಬಂಧಿಸಿದ್ದು. ಅಲ್ಲಿ ಸೊನ್ನೆಯಲ್ಲದೆ ಬೇರೆ ಯಾವ ಅಂಕ ಬಂದರೂ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ಹೇಳಿ. ರಾತ್ರಿಯ ಹೊತ್ತಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತನಾಡುವವರಿದ್ದಾರೆ, ಶುಲ್ಕವಿಲ್ಲ.

ಸಿದ್ದಾಪುರದ ಅಡಿಕೆಗಾರ
ಇದನ್ನು ಮೊದಲೇ ಹೇಳಿದ್ದರೆ ಸತ್ತ ಮೀನಿನವರೆಗೆ ಹೋಗಬೇಕಾಗಿರಲಿಲ್ಲ. ಜಿಎಡಿ-7 ಕೂಡ ಕನ್ನಡದಲ್ಲಿದೆಯೇ? ಮನೆಯಲ್ಲೊಬ್ಬರಿಗೆ ಬೇಕಾಗಿತ್ತು.

ಮನೋವೈದ್ಯಕೀಯ ವಿದ್ಯಾರ್ಥಿನಿ (ಹೊನ್ನಾವರ)
ಇದೆ. ಅದರಲ್ಲಿ ಏಳು ಪ್ರಶ್ನೆ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವರನ್ನೂ ವೈದ್ಯರ ಬಳಿ ಕರೆದುಕೊಂಡು ಹೋಗಿ.